ಭಾನುವಾರ ಅಂದುಕೊಂಡು ಹೋದ ಶನಿವಾರ

ಮಕ್ಕಳೇ, ಹೋದ ಸಲ ನಿಮ್ಮ ಅಮ್ಮನ ಹಳೆಯ ಗೆಳತಿಯರು ಮನೆಗೆ ಬಂದಾಗ ಅವಳನ್ನು "ಸಂಡೇ, ಸಂಡೇ" ಎಂದು ಕೂಗುತ್ತಿದ್ದರು. ನೀವಿಬ್ಬರೂ ಬಿದ್ದು ಬಿದ್ದು ನಕ್ಕು, ಅದು ಯಾಕೆ ಎಂದು ಕೇಳಿದಿರಿ. ಅವಳು "ಅಜ್ಜೀನೇ ಕೇಳಿ" ಅಂದಳು. ನಾನು ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಎದುರಿಗೆ ಕೂತು ಹೇಳುವುದಕ್ಕೆ ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಬರೆದರೆ ನೀವು ನಗುವುದು ನನಗೆ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಇನ್ನೂ ಹೈಸ್ಕೂಲಿನಲ್ಲಿದ್ದಳು. ಹೊಂಗನೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಒಂದು ತುಂಡು ಹಿಪ್ಪುನೇರಳೆ ತೋಟ, ಒಂದು ಹುಳುಮನೆ, ಅಷ್ಟೇ ನಮ್ಮ ಬದುಕು. ರೇಷ್ಮೆ ಹುಳು ಸಾಕಿಕೊಂಡೇ ಅವಳನ್ನು ಚನ್ನಪಟ್ಟಣಕ್ಕೆ ಕಳಿಸಿ ಡಿಪ್ಲೊಮಾ ಓದಿಸಿದೆ. ಎಲೆಕ್ಟ್ರಾನಿಕ್ಸ್ ಅಂದಳು, ಸರಿ ಅಂದೆ. ಅದು ಏನು ಎಂದು ಕೇಳುವುದಕ್ಕೂ ನನಗೆ ಸಂಕೋಚ.

ಎರಡು ಸಾವಿರದ ಇಸವಿ ದಾಟಿತ್ತು. ಹಾರೋಹಳ್ಳಿಯ ಬಯಲಿನಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ ಟೆಲಿಫೋನ್ ಲೈನುಗಳಿಗೆ ಬೇಕಾದ ಬೋರ್ಡುಗಳನ್ನು ಮಾಡುತ್ತಿದ್ದರು. ಅಲ್ಲಿ ನಿಮ್ಮ ಅಮ್ಮನನ್ನು ಟ್ರೈನಿ ಎಂದು ತೆಗೆದುಕೊಂಡರು. ಬೇರೆ ಹುಡುಗಿಯರ ಜೊತೆ ಅಲ್ಲೇ ಒಂದು ಬಾಡಿಗೆ ಮನೆಯಲ್ಲಿ ಇದ್ದಳು. ವರ್ಷದ ಕೊನೆಗೆ ಒಂದು ಪರೀಕ್ಷೆ. ಅದರಲ್ಲಿ ಗೆದ್ದವರು ಟೆಸ್ಟಿಂಗ್ ಸೆಕ್ಷನ್ನಿಗೆ ಹೋಗಿ ಖಾಯಂ ಆಗುತ್ತಾರೆ, ಉಳಿದವರು ಒಂದು ಸರ್ಟಿಫಿಕೇಟ್ ಹಿಡಿದುಕೊಂಡು ಊರಿಗೆ ಬರುತ್ತಾರೆ. ಊರಿಗೆ ಬಂದರೆ ಅವಳಿಗೆ ಕಾದಿದ್ದದ್ದು ನನ್ನ ಸೊಪ್ಪಿನ ಕುಡುಗೋಲು. ಆ ಪರೀಕ್ಷೆಯ ಮೇಲೆ ಅವಳು ಪ್ರಾಣವನ್ನೇ ಇಟ್ಟಿದ್ದಳು.

ಆಗ ನಮ್ಮೂರಿಗೆ ಮೊಬೈಲು ಬಂದಿರಲಿಲ್ಲ. ಫೋನು ಇದ್ದದ್ದು ಎದುರು ಮನೆಯ ಅಕ್ಕನ ಮನೆಯಲ್ಲಿ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನಗಿಂತ ಹತ್ತು ವರ್ಷಕ್ಕೆ ಹಿರಿಯಳು, ಬಾಯಿ ಜೋರು, ಮನಸ್ಸು ಬೆಣ್ಣೆ. ನಿಮ್ಮ ತಾತ ಹೋದ ಮೇಲೆ ನಾನು ಯಾರ ಮನೆಯ ಜಗುಲಿಯನ್ನೂ ದಾಟಿ ಒಳಗೆ ಹೋದವಳಲ್ಲ. ಅಕ್ಕನ ಮನೆಯ ನಡುಮನೆಯಲ್ಲಿ ಎಲ್ಲರೂ ಟಿ.ವಿ. ನೋಡುತ್ತಾ ಕೂತಿರುವಾಗ ಆ ಫೋನನ್ನು ಕಿವಿಗಿಟ್ಟುಕೊಂಡು ಮಾತಾಡುವುದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಅದಕ್ಕೆ ನಿಮ್ಮ ಅಮ್ಮ ಒಂದು ಉಪಾಯ ಮಾಡಿದಳು. ಹಾರೋಹಳ್ಳಿಯ ಅಂಗಡಿಯ ಕಾಯಿನ್ ಬಾಕ್ಸಿನಿಂದ ರಿಂಗ್ ಕೊಡುವುದು, ಯಾರೂ ಎತ್ತುವ ಮೊದಲೇ ಕಟ್ ಮಾಡುವುದು. ಹಾಕಿದ ನಾಣ್ಯ ವಾಪಸ್ ಬೀಳುತ್ತಿತ್ತು. ಒಂದು ರಿಂಗ್ ಬಂದರೆ ಈ ವಾರ ಬರುತ್ತೇನೆ ಎಂದು. ಎರಡು ಬಂದರೆ ಬರುವುದಿಲ್ಲ. ಮೂರು ಬಂದರೆ ಅಲ್ಲೇ ನಿಂತಿರು, ಮಾತಾಡಬೇಕು. ಮೊದಮೊದಲು ದಿನಾ ಸಂಜೆ ನಾಲ್ಕು ರಿಂಗ್ ಕೊಡುತ್ತಿದ್ದಳು. ನಾಲ್ಕು ಎಂದರೆ ಚೆನ್ನಾಗಿದ್ದೇನೆ, ಅಷ್ಟೇ.

ಅಕ್ಕ ಬೀದಿಗೆ ಬಂದು ಕೂಗುತ್ತಿದ್ದಳು. "ಅಮ್ಮಿ, ನಾಕು ಹೊಡ್ಕತು! ನಿನ್ ಮಗಳು ಉಂಡ್ಲಂತೆ, ಮಲಗ್ತಾಳಂತೆ!" ಬೀದಿಯವರೆಲ್ಲ ನಗುತ್ತಿದ್ದರು. ಅಕ್ಕನ ಗಂಡ ಒಂದು ದಿನ, "ಇದೇನ್ ಫೋನಾ, ಗುಡಿ ಗಂಟೆಯಾ?" ಅಂದದ್ದು ನನ್ನ ಕಿವಿಗೂ ಬಿತ್ತು. ತಮಾಷೆಗೆ ಅಂದದ್ದೇ ಇರಬಹುದು. ನಾನು ನಾಚಿಕೆಯಿಂದ ಕುಗ್ಗಿಹೋದೆ. ಆ ಶನಿವಾರ ನಿಮ್ಮ ಅಮ್ಮ ಬಂದಾಗ ಹೇಳಿದೆ.

"ದಿನಾ ಹೊಡೀಬೇಡ ಮಗ. ವಿಷಯ ಇದ್ರೆ ಹೊಡಿ. ಇಲ್ದಿದ್ರೆ ಚೆನ್ನಾಗಿದ್ದೀಯ ಅಂದ್ಕತೀನಿ."

"ಅಂಗಾದ್ರೆ ನಿಂಗೆ ದಿನ ತಿಳಿಯೋದು ಎಂಗವ್ವ?" ಅಂದಳು.

"ದಿನ ತಿಳಿಯಕ್ಕೆ ನಿನ್ ಫೋನೇ ಬೇಕಾ? ನಾನೇನು ಅಷ್ಟು ದಡ್ಡೀನಾ?" ಅಂದೆ.

ಅದೇ ಸಂಜೆ ಅವಳು ಪರೀಕ್ಷೆಯ ಪಾಠವನ್ನು ಬಾಯಲ್ಲಿ ಹೇಳಿಕೊಳ್ಳಬೇಕಿತ್ತು. ಕೇಳಿಸಿಕೊಳ್ಳಲು ಯಾರಾದರೂ ಬೇಕು ಎಂದು ನನ್ನನ್ನು ಕೂರಿಸಿಕೊಂಡಳು. ನಾನು ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದೆ. ಅವಳು ಅದೇ ಮೊರದಲ್ಲಿ ಕಾಳುಗಳನ್ನು ಸಾಲಾಗಿ ಇಟ್ಟಳು.

"ನೋಡವ್ವ, ತಂತೀಲಿ ಹೋಗೋದೆಲ್ಲ ಎರಡೇ. ಒಂದು, ಇಲ್ಲಾ ಸೊನ್ನೆ. ಒಂದು ಅಂದ್ರೆ ಕಾಳು. ಸೊನ್ನೆ ಅಂದ್ರೆ ಖಾಲಿ ಜಾಗ. ಆ ಕಡೆ ಇರೋ ಮಿಷಿನ್ನು ತನ್ ಪಾಡಿಗೆ ತಾಳ ಹಾಕ್ಕೊಂಡು ಎಣಿಸ್ತಾ ಇರ್ತದೆ. ಕಾಳು ಬಂದಾಗೆಲ್ಲ ತನ್ನ ತಾಳ ಸರಿಮಾಡ್ಕತದೆ. ಆದ್ರೆ ಖಾಲಿ ಖಾಲಿ ಖಾಲಿ ಅಂತ ಬತ್ತಾನೇ ಇದ್ರೆ?"

"ಖಾಲೀನ ಎಣಿಸೋಕಾಯ್ತದಾ?" ಅಂದೆ.

"ಅದೇ! ಎಷ್ಟು ಖಾಲಿ ಬಂತು ಅಂತ ಲೆಕ್ಕ ತಪ್ಪೋಯ್ತದೆ. ಹತ್ತು ಬಂದ್ರೆ ಹನ್ನೊಂದು ಅಂದ್ಕಬುಡ್ತದೆ. ಆಮೇಲೆ ಬರೋದೆಲ್ಲ ತಪ್ಪು. ಅದಕ್ಕೇ ಬ್ಲಾಕ್ ಕೋಡಿಂಗ್ ಅಂತ ಮಾಡ್ತಾರೆ."

ಅದು ಏನೆಂದರೆ, ನಾಲ್ಕು ನಾಲ್ಕು ಜಾಗಗಳನ್ನು ಒಂದು ಗುಂಪು ಮಾಡಿ, ಪ್ರತಿ ಗುಂಪಿನ ಬದಲು ಐದು ಜಾಗದ ಇನ್ನೊಂದು ಗುಂಪನ್ನು ಕಳಿಸುವುದು. ಯಾವ ನಾಲ್ಕಕ್ಕೆ ಯಾವ ಐದು ಎಂದು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿರುತ್ತಾರೆ. ನಾಲ್ಕೂ ಖಾಲಿ ಇದ್ದರೆ ಅದರ ಬದಲು ಹೋಗುವ ಐದರಲ್ಲಿ ನಾಲ್ಕು ಕಾಳು ಇರುತ್ತವೆ. ಗುಂಪುಗಳನ್ನು ಹೇಗೆ ಆರಿಸಿದ್ದಾರೆಂದರೆ, ಯಾವ ಎರಡನ್ನು ಅಕ್ಕಪಕ್ಕ ಇಟ್ಟರೂ ಮೂರಕ್ಕಿಂತ ಹೆಚ್ಚು ಖಾಲಿ ಒಟ್ಟಿಗೆ ಬರುವುದಿಲ್ಲ. ಅವರು ಮಾತಾಡಿಕೊಳ್ಳದೆ ಇರುವ ಐದೇನಾದರೂ ಬಂದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದೂ ತಿಳಿಯುತ್ತದೆ. ಇದು ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಒಳಗೊಳಗೇ ಸಂತೋಷವೂ ಆಯಿತು.

"ನಾಕು ಕಳಿಸೋ ಕಡೆ ಐದು ಕಳಿಸಿದ್ರೆ ದಂಡ ಅಲ್ವಾ ಮಗ?" ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಿ, "ಅವ್ವ, ಇದನ್ನೇ ಸಾರ್ ಕೇಳೋದು! ದಂಡಾನೇ. ದೂರದ ಲೈನಿಗೆ ಅಷ್ಟೊಂದು ಹೆಚ್ಚಿಗೆ ಕಳಿಸಕಾಗಲ್ಲ. ಅದಕ್ಕೆ ಸ್ಕ್ರ್ಯಾಂಬ್ಲಿಂಗ್ ಅಂತ ಇನ್ನೊಂದು ಐತೆ. ನಮ್ ಬೋರ್ಡಲ್ಲಿ ಇರೋದು ಅದೇ. ಒಸಿ ಕೇಳ್ಸ್ಕೊ" ಅಂದಳು.

ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ನಾನು ಎದ್ದೆ. "ಮುಂದಿನ ವಾರ ಹೇಳುವಂತೆ" ಅಂದೆ. ಅವಳು ಕಾಳುಗಳನ್ನು ಮೊರದ ಮೂಲೆಗೆ ಸರಿಸಿ, ಗೋಡೆಯ ಕಡೆ ನೋಡಿಕೊಂಡು ಒಬ್ಬಳೇ ಹೇಳಿಕೊಂಡಳು.

ಮುಂದಿನ ವಾರ ಅವಳು ಬರಲಿಲ್ಲ, ಓದುವುದಿತ್ತು. ಎರಡು ರಿಂಗ್ ಬಂತು. ಅದರ ಮುಂದಿನ ಶನಿವಾರವೇ ಪರೀಕ್ಷೆ. ಬೆಳಿಗ್ಗೆ ಪರೀಕ್ಷೆ ಮುಗಿಸಿ, ಸಂಜೆ ಒಂದು ರಿಂಗ್ ಕೊಟ್ಟು, ಬಸ್ಸು ಹತ್ತಿ ಬರುವುದು ಎಂದು ಮಾತಾಗಿತ್ತು.

ಆ ವಾರ ನನ್ನ ಹುಳುಗಳು ನಾಲ್ಕನೆಯ ಜ್ವರ ಬಿಟ್ಟು ಎದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವಾಗ ತಿನ್ನದೆ ಮಲಗುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಕೊನೆಯ ಜ್ವರ ಬಿಟ್ಟ ಮೇಲೆ ಅವು ತಿನ್ನುವುದನ್ನು ನೀವು ನೋಡಬೇಕು. ಮಳೆ ಬಿದ್ದ ಹಾಗೆ ಸದ್ದು. ತಂದು ಹಾಕಿದಷ್ಟೂ ಸಾಲದು. ಆ ದಿನಗಳಲ್ಲಿ ಹುಳು ಸಾಕುವವರು ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಒಳಗೆ ಬಿಡುವುದಿಲ್ಲ, ಹುಳುವಿಗೆ ರೋಗ ತಗುಲುತ್ತದೆಂದು. ಸಂತೆಯಿಲ್ಲ, ಮಾತಿಲ್ಲ. ಸೊಪ್ಪು ಕೊಯ್ಯುವುದು, ಹಾಕುವುದು, ಅಲ್ಲೇ ಚೀಲದ ಮೇಲೆ ಒರಗುವುದು, ಎಚ್ಚರವಾದಾಗ ಮತ್ತೆ ಹಾಕುವುದು. ಮೋಡ ಕವಿದುಕೊಂಡಿತ್ತು, ಬಿಸಿಲೇ ಇರಲಿಲ್ಲ. ಕಣ್ಣು ಬಿಟ್ಟಾಗ ಕಂಡ ಮಬ್ಬು ಮುಂಜಾನೆಯದೋ ಮುಸ್ಸಂಜೆಯದೋ ತಿಳಿಯುತ್ತಿರಲಿಲ್ಲ. ಮೊದಲಾದರೆ ಸಂಜೆ ಅಕ್ಕನ ಕೂಗು ಇರುತ್ತಿತ್ತು. ಅದನ್ನು ನಾನೇ ನಿಲ್ಲಿಸಿದ್ದೆ.

ಎಲ್ಲಿ ತಪ್ಪಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ಮಧ್ಯಾಹ್ನದ ನಿದ್ದೆಯನ್ನು ರಾತ್ರಿ ಎಂದು ಎಣಿಸಿಕೊಂಡಿರಬೇಕು. ಒಂದು ಬೆಳಿಗ್ಗೆ ಧಡಕ್ಕನೆ ಎದ್ದು ಕೂತೆ. ಅಯ್ಯೋ, ಶನಿವಾರ ನಿನ್ನೆಯೇ ಕಳೆದುಹೋಯಿತು, ರಿಂಗೂ ಬರಲಿಲ್ಲ, ಮಗಳೂ ಬರಲಿಲ್ಲ! ಓಡಿಹೋಗಿ ಅಕ್ಕನ ಜಗುಲಿಯ ಕೆಳಗೆ ನಿಂತೆ.

"ಅಕ್ಕ, ನೆನ್ನೆ ಫೋನು ಬಂತಾ?"

"ಇಲ್ವಲ್ಲಮ್ಮಿ. ಬರದಿದ್ರೆ ಚೆನ್ನಾಗವ್ಳೆ ಅಂತ ನೀನೇ ಅಲ್ವಾ ಅಂದಿದ್ದು?"

"ನಾನು ಹಾರೋಹಳ್ಳಿಗೆ ಹೋಗ್ಬತ್ತೀನಿ. ಹುಳಕ್ಕೆ ಒಸಿ ಸೊಪ್ಪು ಹಾಕಕ್ಕ."

"ಎಲ್ಲಾ ಬುಟ್ಟು ಈಗ್ಯಾಕೆ? ಹುಳ ಹಣ್ಣಾಗೋ ಹೊತ್ತು! ಬತ್ತಾಳೆ ಬುಡು, ಸಂಜೆಗೆ ಬತ್ತಾಳೆ."

ನನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡೆ. ಇವತ್ತು ಯಾವ ವಾರ ಎಂದು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅನುಮಾನವೇ ಇಲ್ಲದಿದ್ದಾಗ ಕೇಳುವುದಾದರೂ ಏನನ್ನು? ಚನ್ನಪಟ್ಟಣದಿಂದ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ ಬಿಳಿ ಬಟ್ಟೆ ತೊಟ್ಟ ಶಾಲೆಯ ಮಕ್ಕಳು ತುಂಬಿದ್ದರು. ಶನಿವಾರ ಮಾತ್ರ ಬಿಳಿ ಬಟ್ಟೆ ಎಂದು ನನಗೆ ಗೊತ್ತಿರಲಿಲ್ಲವೇ? ನಿಮ್ಮ ಅಮ್ಮನ ಬಿಳಿ ಲಂಗಕ್ಕೆ ಎಷ್ಟು ವರ್ಷ ನೀಲಿ ಹಾಕಿ ಒಗೆದಿದ್ದೇನೆ! ಎಲ್ಲೋ ಶಾಲೆಯಲ್ಲಿ ಕಾರ್ಯಕ್ರಮ ಇರಬೇಕು, ಪಾಪ, ಭಾನುವಾರವೂ ಮಕ್ಕಳನ್ನು ಕರೆಸಿದ್ದಾರೆ ಎಂದುಕೊಂಡು ಮುಖ ಕಿಟಕಿಗೆ ತಿರುಗಿಸಿದೆ.

ಕನಕಪುರದಲ್ಲಿ ಬಸ್ಸು ಬದಲಿಸಿ ಹಾರೋಹಳ್ಳಿಯಲ್ಲಿ ಇಳಿದಾಗ ಗೊತ್ತಾಯಿತು, ನಾನು ಸೊಪ್ಪು ಕೊಯ್ಯುವ ಸೀರೆಯಲ್ಲೇ ಬಂದಿದ್ದೆ. ಸೆರಗಿನ ತುಂಬ ಸೊಪ್ಪಿನ ಹಾಲಿನ ಕಲೆ, ಉಗುರೆಲ್ಲ ಹಸಿರು. ಮೈಯಿಂದ ಹುಳುಮನೆಯ ವಾಸನೆ ಬರುತ್ತಿತ್ತು. ಹುಡುಗಿಯರಿದ್ದ ಬಾಡಿಗೆ ಮನೆಗೆ ಬೀಗ ಹಾಕಿತ್ತು. ಭಾನುವಾರ ಮನೆಗೆ ಬೀಗ! ಕಾರ್ಖಾನೆಯ ಗೇಟಿಗೆ ಬಂದೆ.

"ಯಾರಮ್ಮ ನೀನು? ಕಸ ಗುಡ್ಸೋ ಕೆಲ್ಸಕ್ಕಾದ್ರೆ ಹಿಂದಿನ ಗೇಟು" ಅಂದ ಕಾವಲಿನವನು.

"ನನ್ ಮಗಳು ಕಾಣ್ತಾ ಇಲ್ಲಪ್ಪ. ನೆನ್ನೆ ಮನೆಗೆ ಬರ್ಬೇಕಿತ್ತು, ಬರ್ಲಿಲ್ಲ. ಇಲ್ಲಿ ರೂಮಲ್ಲೂ ಇಲ್ಲ" ಎಂದು ಅತ್ತುಬಿಟ್ಟೆ. ಹೆಸರು ಹೇಳಿದೆ. ಅವನು ಪಾಪ, ಗಾಬರಿಯಾಗಿ ಒಳಗೆ ಫೋನ್ ಮಾಡಿದ. ಏನಂತ ಹೇಳಿದನೋ, ಅದು ಬಾಯಿಂದ ಬಾಯಿಗೆ ಹೋಗಿ ಏನಾಯಿತೋ. ನಿಮ್ಮ ಅಮ್ಮ ಬಿಳಿ ಕೋಟಿನಲ್ಲಿ, ಕೈಗೆ ಕಟ್ಟಿದ್ದ ತಂತಿಯ ಪಟ್ಟಿಯನ್ನೂ ಬಿಚ್ಚದೆ ಓಡಿಬಂದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವ್ವ! ಏನಾಯ್ತು? ಯಾರಿಗೇನಾಯ್ತು?"

"ನಿಂಗೇನಾಯ್ತು ಮಗ? ನೆನ್ನೆ ಯಾಕ್ ಬರ್ಲಿಲ್ಲ?"

"ನೆನ್ನೆ ಯಾಕ್ ಬರ್ಲವ್ವ? ನೆನ್ನೆ ಶುಕ್ರವಾರ."

"ಇವತ್ತು ಭಾನುವಾರ ಅಲ್ವಾ?"

ಅವಳ ಹಿಂದೆ ಓಡಿಬಂದಿದ್ದ ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಕಾವಲಿನವನೂ ಮುಖ ತಿರುಗಿಸಿಕೊಂಡು ನಕ್ಕ. ನಿಮ್ಮ ಅಮ್ಮ ನಗಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲಿ ಅವಳ ಸಾರ್ ನಿಂತು ಕೈಗಡಿಯಾರ ನೋಡುತ್ತಿದ್ದರು. ನನ್ನನ್ನು ಒಂದು ಸಲ ತಲೆಯಿಂದ ಕಾಲಿನವರೆಗೆ ನೋಡಿ, ಅವಳಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ಒಳಗೆ ಹೋದರು. ಅವಳು "ಇಲ್ಲೇ ಕುಂತಿರವ್ವ" ಎಂದು ಹಿಂದೆಯೇ ಹೋದಳು. ಆಗ ನನಗೆ ಹೊಳೆಯಿತು. ಶನಿವಾರವಾದರೆ ಇವತ್ತೇ ಪರೀಕ್ಷೆ. ನಾನು ಅವಳನ್ನು ಎಬ್ಬಿಸಿ ಕರೆಸಿದ್ದು ಪರೀಕ್ಷೆಯ ಮೇಜಿನಿಂದ.

ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತೆ. ಉಗುರನ್ನು ಸೆರಗಿನಲ್ಲಿ ಉಜ್ಜಿದೆ. ಹಸಿರು ಹೋಗಲಿಲ್ಲ. ಊಟದ ಬಿಡುವಿನಲ್ಲಿ ಹೊರಗೆ ಬಂದವರೆಲ್ಲ ನನ್ನನ್ನು ತೋರಿಸಿ, "ಇವರೇ ಕಣೇ ಸಂಡೇ ಅಮ್ಮ" ಎನ್ನುತ್ತಿದ್ದರು. ಅವತ್ತಿನಿಂದ ನಿಮ್ಮ ಅಮ್ಮ ಅವರಿಗೆಲ್ಲ "ಸಂಡೇ" ಆದಳು. ಅವರಲ್ಲಿ ಒಬ್ಬ ಹುಡುಗಿ ಒಂದು ಲೋಟ ಟೀ ತಂದುಕೊಟ್ಟಳು. ಬೇಡ ಎನ್ನಲೂ ಆಗಲಿಲ್ಲ, ಕುಡಿಯಲೂ ಆಗಲಿಲ್ಲ. ಹಿಡಿದುಕೊಂಡೇ ಇದ್ದೆ, ಕೆನೆ ಕಟ್ಟಿತು.

ಅದು ಒಬ್ಬೊಬ್ಬರನ್ನೇ ಕರೆದು ಮಾಡುವ ಪರೀಕ್ಷೆ. ನಿಮ್ಮ ಅಮ್ಮ ತಿರುಗಿ ಒಳಗೆ ಹೋಗುವ ಹೊತ್ತಿಗೆ ಅವಳ ಸಮಯ ಮುಗಿದಿತ್ತಂತೆ. ಬೋರ್ಡಿಗೆ ಉದ್ದನೆಯ ಸೊನ್ನೆಗಳ ಸಾಲನ್ನು ಕೊಟ್ಟು, ಅದು ಏನು ಮಾಡುತ್ತದೆ ಎಂದು ತೋರಿಸುತ್ತಿರುವಾಗಲೇ ಕರೆ ಬಂದದ್ದು. ಉಳಿದವರನ್ನು ಟೆಸ್ಟಿಂಗಿಗೆ ತೆಗೆದುಕೊಂಡರು. ಇವಳನ್ನು ಮುಂದಿನ ತಂಡದ ಜೊತೆ ಇನ್ನೊಮ್ಮೆ ಕೂರಿಸುತ್ತೇವೆ, ಅದೇ ಕೊನೆ ಎಂದರು. ಅಲ್ಲಿಯವರೆಗೆ ಇವಳು ತನಗಿಂತ ಕಿರಿಯರ ಸಾಲಿನಲ್ಲಿ ಕೂತು ಬೆಸುಗೆ ಹಾಕಬೇಕು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತೆವು. ಬೈದರೂ ಬೈಯಬಾರದೇ ಎನಿಸಿತು. ಕನಕಪುರ ದಾಟಿದ ಮೇಲೆ ನಾನೇ, "ನಾನು ಬರಬಾರ್ದಿತ್ತು" ಅಂದೆ. ಅವಳು ಕಿಟಕಿಯ ಕಡೆಯೇ ನೋಡುತ್ತಾ, "ತಾಳ ತಪ್ತು, ಅಷ್ಟೇ" ಅಂದಳು.

ಮನೆಗೆ ಬಂದರೆ ಅಕ್ಕ ಹುಳುಮನೆಯ ಬಾಗಿಲಲ್ಲೇ ಕೂತಿದ್ದಳು. "ಕಾಲು ತೊಳ್ಕೊಂಡೇ ಒಳಕ್ಕೆ ಹೋಗಿದ್ದು ಕಣಮ್ಮಿ, ಬೈಬೇಡ" ಅಂದಳು. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುವುದು ಅವಳೊಬ್ಬಳಿಂದ ಆಗಿರಲಿಲ್ಲ. ಎಷ್ಟೋ ಹುಳುಗಳು ತಟ್ಟೆಯ ಸೊಪ್ಪಿನಲ್ಲೇ ಗೂಡು ಕಟ್ಟಲು ಶುರುಮಾಡಿದ್ದವು. ಮೂವರೂ ಕೂತು ಉಳಿದವನ್ನು ಆರಿಸಿದೆವು.

ಮಾರನೆಯ ಬೆಳಿಗ್ಗೆ, ಅದು ನಿಜವಾದ ಭಾನುವಾರ, ನಾನೇ ಮೊರ ತಂದು ಅವಳ ಮುಂದೆ ಇಟ್ಟೆ. "ಅವತ್ತು ಹೇಳಕ್ಕೆ ಬಂದ್ಯಲ್ಲ, ಆ ಎರಡನೇದು ಹೇಳು" ಅಂದೆ.

ಅವಳು ಅವರೆಕಾಳಿನ ಜೊತೆಗೆ ಉದ್ದಿನಕಾಳು ತಂದಳು. ಒಂದು ಬಿಳಿ, ಒಂದು ಕಪ್ಪು.

"ನಮ್ ಲೈನಲ್ಲಿ ಒಂದು ಕಟ್ಟಳೆ ಐತೆ. ಒಂದು ಸಲ ಬಿಳೀದು ಬಂದ್ರೆ ಮುಂದಿನ ಸಲ ಕಪ್ಪೇ ಬರ್ಬೇಕು, ಆಮೇಲೆ ಬಿಳಿ. ಮಧ್ಯೆ ಎಷ್ಟು ಖಾಲಿ ಇದ್ರೂ ಸರಿ, ಒಂದೇ ಬಣ್ಣ ಎರಡು ಸಲ ಬರಂಗಿಲ್ಲ. ಈಗ ನಾಕು ಖಾಲಿ ಒಟ್ಟಿಗೆ ಬಂತು ಅನ್ಕೊ. ಮೂರನ್ನ ಅಂಗೇ ಬುಡ್ತೀವಿ. ನಾಕನೇ ಜಾಗಕ್ಕೆ ಬೇಕು ಅಂತಲೇ ತಪ್ಪು ಬಣ್ಣ ಇಡ್ತೀವಿ. ಹಿಂದಿಂದು ಬಿಳಿ ಆಗಿದ್ರೆ ಮತ್ತೆ ಬಿಳೀನೇ."

"ಆ ಕಡೆಯೋರು ಅದನ್ನೂ ವಿಷಯ ಅಂದ್ಕೊಂಡ್ರೆ?"

"ಅಂದ್ಕಳಲ್ಲ. ಕಟ್ಟಳೆ ಮುರಿದೈತೆ ಅಂದ್ರೆ ಅದು ವಿಷಯ ಅಲ್ಲ, ಸುಮ್ನೆ ಇಟ್ಟಿರೋದು ಅಂತ ಗೊತ್ತು. ತಾಳ ಸರಿಮಾಡ್ಕಂಡು, ಕಾಳು ತೆಗೆದಾಕಿ, ಅಲ್ಲಿ ಖಾಲೀನೇ ಬರ್ಕತಾರೆ. ಇದ್ರಲ್ಲಿ ಹೆಚ್ಚಿಗೆ ಜಾಗಾನೂ ಬೇಡ." ಎಲ್ಲದಕ್ಕೂ ಇದೇ ಅಲ್ಲ, ಕೆಲವು ಸಲ ಮೊದಲನೆಯ ಜಾಗಕ್ಕೂ ಒಂದು ಕಾಳು ಸೇರಿಸಬೇಕಾಗುತ್ತದೆ ಎಂದೂ ಹೇಳಿದಳು. ಅದು ನನಗೆ ಪೂರ್ತಿ ಹಿಡಿಯಲಿಲ್ಲ.

ಅವಳೇನೂ ಹೇಳದಿದ್ದರೂ ನಾನು ಮಾತು ಎತ್ತಿದೆ. "ನಮ್ಮ ರಿಂಗಿಗೂ ಹಂಗೊಂದು ಮಾಡು."

ಹಾಗೆ ಮಾಡಿದಳು. ನಮ್ಮ ಕಟ್ಟಳೆಯಲ್ಲಿ, ಮಾತಾಡುವುದಿಲ್ಲದಿದ್ದರೆ, ಒಂದು ಸಂಜೆಗೆ ಒಂದೇ ಸಲ ಫೋನು. ಮೂರು ಸಂಜೆ ಏನೂ ಇಲ್ಲದೆ ಹೋದರೆ, ನಾಲ್ಕನೆಯ ಸಂಜೆ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಕಟ್ಟಳೆ ಮುರಿದು ಕೂಡಲೇ ಮತ್ತೊಂದು ರಿಂಗ್. ಅದಕ್ಕೆ ಅರ್ಥ ಏನೂ ಇಲ್ಲ. ಇವತ್ತು ನಾಲ್ಕನೆಯ ದಿನ, ಅಷ್ಟೇ. ಆದರೆ ಅದನ್ನು ಅಕ್ಕನಿಗೆ ಹೋಗಿ ಹೇಳಬೇಕಿತ್ತಲ್ಲ, ದಿನಾ ರಿಂಗ್ ಬೇಡ ಎಂದು ನಿಲ್ಲಿಸಿದವಳು ನಾನೇ. ಅವಳ ಜಗುಲಿಯ ಕೆಳಗೆ ಎಷ್ಟೋ ಹೊತ್ತು ನಿಂತಿದ್ದು ಆಮೇಲೆ ಹೇಳಿದೆ.

ಮೊದಲ ಸಲ ಬಂದಾಗ ಅಕ್ಕ ಬೀದಿಯಿಂದ, "ಅಮ್ಮಿ, ಒಂದು ಹೊಡ್ಕತು, ಬತ್ತಾಳೆ! ಅಯ್ಯ ಇರು, ಇನ್ನೊಂದು ಹೊಡ್ಕತು! ಬತ್ತಾಳೋ ಇಲ್ವೋ?" ಎಂದು ಕೂಗಿದಳು.

"ಅದೇ ಕಣಕ್ಕ, ಸುಮ್ನೆ ರಿಂಗು!"

"ಸುಮ್ನೆ ರಿಂಗಂತೆ! ಏನೂ ಇಲ್ಲ ಅನ್ನಕ್ಕೂ ಒಂದು ಫೋನು! ಬೆಪ್ಪು ತಾಯಿ, ಬುದ್ವಂತೆ ಮಗಳು!" ಬೀದಿಯೆಲ್ಲ ನಕ್ಕಿತು. ನನಗೆ ಮುಖ ಬಿಸಿಯಾಯಿತು. ಆದರೆ ನಿಲ್ಲಿಸು ಎಂದು ಮತ್ತೆ ಹೇಳಲಿಲ್ಲ.

ಅವಳ ಎರಡನೆಯ ಪರೀಕ್ಷೆಯ ದಿನ ನಾನು ಕೆಲಸ ಬಿಟ್ಟು, ತೊಳೆದ ಸೀರೆ ಉಟ್ಟು, ಅಕ್ಕನ ಜಗುಲಿಯ ಮೇಲೆ ಕೂತೆ. ಯಾವ ವಾರ ಎಂದು ದಾರಿಯಲ್ಲಿ ಹೋಗುವ ಇಬ್ಬರನ್ನು ಕೇಳಿಕೊಂಡಿದ್ದೆ. ಸಂಜೆ ಫೋನು ಹೊಡೆದುಕೊಂಡಿತು. ಒಂದು. ಎರಡು. ಮೂರು. ನಿಂತಿತು. ಮೂರು ಎಂದರೆ ಮಾತಾಡಬೇಕು.

"ಒಳಕ್ಕೆ ಬಾ ಅಮ್ಮಿ" ಎಂದು ಅಕ್ಕ ಕೈ ಹಿಡಿದು ಎಳೆದಳು. ನಡುಮನೆಯಲ್ಲಿ ಅವಳ ಗಂಡ, ಸೊಸೆಯರು, ಪಕ್ಕದ ಮನೆಯವರು, ಎಲ್ಲರೂ ಟಿ.ವಿ. ಬಿಟ್ಟು ನನ್ನನ್ನೇ ನೋಡಿದರು. ಫೋನು ಮತ್ತೆ ಹೊಡೆದುಕೊಂಡಿತು. ಅಕ್ಕ ಎತ್ತಿ ನನ್ನ ಕಿವಿಗೆ ಒತ್ತಿದಳು.

"ಅವ್ವ, ಟೆಸ್ಟಿಂಗ್‌ಗೆ ತಗೊಂಡ್ರು. ಖಾಯಂ ಆಯ್ತು."

ಅಷ್ಟು ಜನರ ಮುಂದೆ ಅಳಬಾರದು ಎಂದು ತುಟಿ ಕಚ್ಚಿಕೊಂಡೆ.

"ಅವ್ವ? ಅವ್ವ, ಇದ್ದೀಯಾ? ನೀನು ಸುಮ್ಕಿದ್ರೆ ಲೈನು ಹೋಯ್ತು ಅಂದ್ಕತೀನಿ."

"ಹೂಂ" ಅಂದೆ.

ಅವಳೂ ಸುಮ್ಮನಾದಳು. ಅಳುತ್ತಿದ್ದಳೋ ಏನೋ. ಕೇಳಿಸಿಕೊಳ್ಳಲು ಏನೂ ಇರಲಿಲ್ಲ, ಆದರೂ ಸ್ವಲ್ಪ ಹೊತ್ತು ಬಿಟ್ಟು ನಾನು ಇನ್ನೊಂದು ಸಲ ಹೂಂ ಅಂದೆ.